ದುಡ್ಡು ನಮ್ಮದು, ಬೀಗದ ಕೈ ಯಾರದು?

ಈ ವಾರ ನಾವು ಕಬ್ಬಿನ ಬಾಕಿಯ ವಿಷಯವನ್ನಾಗಲಿ ಬೋನಸ್ಸಿನ ವಿಷಯವನ್ನಾಗಲಿ ಬರೆಯುತ್ತಿಲ್ಲ. ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಮಕ್ಕಳಿಗೆ ಒಪ್ಪಿಸುವ ಒಂದು ಕೆಲಸದ ವಿಷಯ ಬರೆಯುತ್ತಿದ್ದೇವೆ. ಓದುವವರ ಸಮಾಚಾರ ಗಿರಣಿಯವರಿಗೇಕೆ, ಅಂಗಡಿಯವರಿಗೇಕೆ ಎಂದು ಪುಟ ಮಗುಚಬೇಡಿ. ಇದರಲ್ಲಿ ನಿಮ್ಮ ದುಡ್ಡಿದೆ, ನಿಮ್ಮ ಮಕ್ಕಳ ಭವಿಷ್ಯವಿದೆ. ಕೊನೆಗೆ ನಿಮ್ಮ ಕೂಲಿಯ ಲೆಕ್ಕವೂ ನಿಮ್ಮ ಶ್ವಾಸಕೋಶದ ಲೆಕ್ಕವೂ ಇದೆ.

ಸಂಗತಿ ಇದು. ಮಗಳೋ ಮಗನೋ ಬಿ.ಎ., ಬಿ.ಕಾಂ. ಅಥವಾ ಎಂ.ಎ. ತರಗತಿಯಲ್ಲಿ ಓದುತ್ತಿರುತ್ತಾರೆ. ಮೇಷ್ಟ್ರು ಒಂದು ವಿಷಯ ಕೊಟ್ಟು, ಇದರ ಮೇಲೆ ಐದಾರು ಸಂಶೋಧನಾ ಲೇಖನ ಹುಡುಕಿ, ಓದಿ, ಇಪ್ಪತ್ತು ಪುಟ ಬರೆದು ತನ್ನಿ ಎನ್ನುತ್ತಾರೆ. ಎಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು ಎಂದು ಕೂತು ತೋರಿಸುವವರು ಕಡಮೆ. ಮಗು ಮನೆಗೆ ಬಂದು, "ಅಸೈನ್‌ಮೆಂಟಿಗೆ ದುಡ್ಡು ಬೇಕು ಕಣಪ್ಪ" ಎನ್ನುತ್ತದೆ. ಆ ದುಡ್ಡು ಪೇಟೆ ಬೀದಿಯ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. ಹೋದ ವರ್ಷ ಇನ್ಯಾರೋ ಬರೆದದ್ದು ಹೆಸರು ಬದಲಾಗಿ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಮೇಷ್ಟ್ರ ಮೇಜಿನ ಮೇಲೆ ಕೂರುತ್ತದೆ. ಅಂಕ ಬರುತ್ತದೆ. ವಿದ್ಯೆ ಬರುವುದಿಲ್ಲ.

ಅಂಗಡಿಯವನನ್ನು ದೂರಿ ಫಲವಿಲ್ಲ. ಅವನೂ ಹೊಟ್ಟೆಪಾಡಿನವನು. ಮಗುವನ್ನು ಕಳ್ಳನೆಂದು ಬಯ್ದೂ ಫಲವಿಲ್ಲ. ಬಾಗಿಲು ಎಲ್ಲಿದೆ ಎಂದು ತೋರಿಸದೆ ಒಳಗೆ ಬಾ ಎಂದವರನ್ನು ಮೊದಲು ಕೇಳಬೇಕು.

ಹಾಗಾದರೆ ಬಾಗಿಲು ಎಲ್ಲಿದೆ? ಗ್ರಂಥಾಲಯವೆಂದರೆ ಪುಸ್ತಕದ ಬೀರು, ದಿನಪತ್ರಿಕೆಯ ಮೇಜು, ಗಡಿಯಾರ, ಇಷ್ಟೇ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಈಗಿನ ಗ್ರಂಥಾಲಯದ ದೊಡ್ಡ ಪಾಲು ಕಣ್ಣಿಗೆ ಕಾಣುವುದಿಲ್ಲ. ಪಂಡಿತರೂ ವಿಜ್ಞಾನಿಗಳೂ ವೈದ್ಯರೂ ತಾವು ಕಂಡುಕೊಂಡದ್ದನ್ನು ಜರ್ನಲ್ ಎಂಬ ನಿಯತಕಾಲಿಕಗಳಲ್ಲಿ ಬರೆಯುತ್ತಾರೆ. ಇಂಥ ಸಾವಿರಾರು ಜರ್ನಲ್‌ಗಳ ಲಕ್ಷಾಂತರ ಲೇಖನಗಳನ್ನು ವಿಷಯವಾರು, ಲೇಖಕವಾರು, ವರ್ಷವಾರು ಜೋಡಿಸಿ ಕಂಪ್ಯೂಟರಿನಲ್ಲಿ ಇಟ್ಟಿರುವುದಕ್ಕೆ ಡೇಟಾಬೇಸ್ ಎಂದು ಹೆಸರು. ವ್ಯಾಪಾರಿ ಬಂಧುಗಳಿಗೆ ಇದು ಹೊಸತೇನಲ್ಲ. ದಿನದ ವಹಿವಾಟೆಲ್ಲ ಕಿರ್ದಿಯಲ್ಲಿ ತಾರೀಖಿನ ಪ್ರಕಾರ ಬಿದ್ದಿರುತ್ತದೆ. ಯಾರಿಂದ ಎಷ್ಟು ಬರಬೇಕು ಎಂದು ತಿಳಿಯಲು ಖಾತೆ ತೆಗೆಯಬೇಕು. ಡೇಟಾಬೇಸ್ ಎಂದರೆ ಲೋಕದ ವಿದ್ಯೆಯ ಖಾತೆ ಪುಸ್ತಕ. ಖಾತೆ ಓದಲು ಬಾರದವನಿಗೆ ಅಂಗಡಿ ನಡೆಸುವುದು ಹೇಗೆ ಕಷ್ಟವೋ, ಇದನ್ನು ತೆರೆಯಲು ಬಾರದ ವಿದ್ಯಾರ್ಥಿಗೆ ಕಾಲೇಜು ಓದುವುದೂ ಹಾಗೆಯೇ ಕಷ್ಟ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಾಂಡವಪುರದ ಕಡೆಯ ಒಬ್ಬ ಫಿಟ್ಟರನ ಮಗಳಿಗೆ, ಸಕ್ಕರೆ ಕಾರ್ಖಾನೆ ಗುತ್ತಿಗೆಗೆ ಹೋದ ಮೇಲೆ ಕಾರ್ಮಿಕರ ಸ್ಥಿತಿಗತಿ ಎಂಬ ವಿಷಯ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆ ಕಾರ್ಖಾನೆಯ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. 1950ರ ದಶಕದಲ್ಲಿ ಸಹಕಾರ ತತ್ವದ ಮೇಲೆ ಹುಟ್ಟಿತು, ಸಾಲದಲ್ಲಿ ಮುಳುಗಿ ಗಾಣ ನಿಂತಿತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈ ಸೇರಿತು. ಹುಡುಗಿ ಈ ಇಡೀ ವಾಕ್ಯವನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಬರೆದು ಒತ್ತಿದರೆ ಏನೂ ಸಿಗುವುದಿಲ್ಲ, ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ. ಅಷ್ಟಕ್ಕೇ ಅವಳು ಕೈಬಿಡುತ್ತಾಳೆ.

ಮಾಡಬೇಕಾದ್ದು ಬೇರೆ. ವಿಷಯವನ್ನು ಮೂರು ಗುಡ್ಡೆ ಮಾಡಿಕೊಳ್ಳಬೇಕು. ಊರಿನದು ಒಂದು ಗುಡ್ಡೆ: ಪಾಂಡವಪುರ, ಮಂಡ್ಯ, ಕರ್ನಾಟಕ. ವಸ್ತುವಿನದು ಒಂದು: ಶುಗರ್ ಫ್ಯಾಕ್ಟರಿ, ಶುಗರ್ ಮಿಲ್, ಕೋ-ಆಪರೇಟಿವ್. ಸಂಗತಿಯದು ಇನ್ನೊಂದು: ವರ್ಕರ್ಸ್, ಲೇಬರ್, ವೇಜಸ್, ಲೀಸ್, ಪ್ರೈವಟೈಸೇಷನ್. ಒಂದೇ ಗುಡ್ಡೆಯ ಮಾತುಗಳ ನಡುವೆ ಇಂಗ್ಲಿಷಿನ ಆರ್ ಎಂಬ ಪದ ಇಟ್ಟರೆ ಇದಾದರೂ ಸರಿ, ಅದಾದರೂ ಸರಿ ಎಂದು ಬಲೆ ಅಗಲವಾಗುತ್ತದೆ. ಗುಡ್ಡೆ ಗುಡ್ಡೆಗಳ ನಡುವೆ ಆ್ಯಂಡ್ ಇಟ್ಟರೆ ಇದೂ ಇರಬೇಕು, ಅದೂ ಇರಬೇಕು ಎಂದು ಬಲೆ ಬಿಗಿಯಾಗುತ್ತದೆ. ಎರಡು ಮೂರು ಪದ ಒಟ್ಟಿಗೇ ಬರಬೇಕಾದರೆ ಅವುಗಳ ಆಚೆ ಈಚೆ ಉದ್ಧರಣ ಚಿಹ್ನೆ ಹಾಕಬೇಕು. ಇಷ್ಟೇ ವಿದ್ಯೆ. ಇದನ್ನು ಕಲಿಸಲು ಒಂದು ಗಂಟೆ ಸಾಕು. ಆ ಒಂದು ಗಂಟೆ ಸಿಗದೆ ಎಷ್ಟು ಮಕ್ಕಳು ಮೂರು ವರ್ಷ ಕತ್ತಲಲ್ಲಿ ತಡಕಾಡುತ್ತಾರೆ!

ಪದಗಳ ವಿಷಯದಲ್ಲಿ ಇನ್ನೊಂದು ಮರ್ಮವಿದೆ. ಗಾಣ ನಿಂತ ಕಾರ್ಖಾನೆಯನ್ನು ನಾವು ಮುಚ್ಚಿಹೋಯಿತು ಎನ್ನುತ್ತೇವೆ. ಸರ್ಕಾರದವರ ಭಾಷೆಯಲ್ಲಿ ಅದು ರೋಗಗ್ರಸ್ತ ಉದ್ಯಮ. ಅವರ ಇಂಗ್ಲಿಷಿನಲ್ಲಿ ಸಿಕ್ ಇಂಡಸ್ಟ್ರಿ. ನಮ್ಮ ಮಾತಿನಲ್ಲಿ ಹುಡುಕಿದರೆ ಅವರು ಬರೆದದ್ದು ಸಿಕ್ಕುವುದಿಲ್ಲ. ಮೊದಲು ಸಿಕ್ಕಿದ ಒಂದು ಲೇಖನ ಓದಿ, ಆ ಲೋಕದವರು ಯಾವ ಮಾತು ಆಡುತ್ತಾರೆ ಎಂದು ಗುರುತು ಹಾಕಿಕೊಂಡು, ಆ ಮಾತಿನಿಂದ ಮತ್ತೆ ಹುಡುಕಬೇಕು. ಪಾಂಡವಪುರದ ಮೇಲೆ ಯಾರೂ ಬರೆದಿರದಿದ್ದರೆ ಮಂಡ್ಯಕ್ಕೆ ಹೋಗಬೇಕು. ಅಲ್ಲೂ ಸಾಲದಿದ್ದರೆ ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳ ಮೇಲೆ ರಾಶಿ ರಾಶಿ ಬರಹವಿದೆ. ನೆರೆಮನೆಯ ಅನುಭವ ನಮಗೂ ಪಾಠವೇ. ಒಂದು ಒಳ್ಳೆಯ ಲೇಖನ ಸಿಕ್ಕಿತೋ, ಅದರ ಕೊನೆಯಲ್ಲಿ ಕೊಟ್ಟಿರುವ ಆಧಾರಗಳ ಪಟ್ಟಿ ಹಿಡಿದರೆ ಹತ್ತು ಲೇಖನ ತಾವೇ ಬರುತ್ತವೆ. ಬಳ್ಳಿ ಹಿಡಿದು ಎಳೆದರೆ ಗೆಣಸು ಬರುವ ಹಾಗೆ.

ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಇನ್ನೂ ಒಂದು ಕಷ್ಟವಿದೆ. ಹೊರಗಿನವರಿಗೆ ಅದು ತಿಳಿಯದು. ಹಳೆಯ ಕಾಗದಗಳಲ್ಲಿ ನಮ್ಮ ಊರುಗಳಿಗೆ ನಮ್ಮ ಹೆಸರಿಲ್ಲ. ಶ್ರೀರಂಗಪಟ್ಟಣ ಎಂದು ಹುಡುಕಿದರೆ ಇಂಗ್ಲಿಷರ ಕಾಲದ ದಾಖಲೆ ಸಿಗುವುದಿಲ್ಲ, ಅವರು ಬರೆದದ್ದು ಸೆರಿಂಗಪಟಂ ಎಂದು. ಪಾಂಡವಪುರ ಅವರ ಬಾಯಲ್ಲಿ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದುದರಿಂದ ಬಂದ ಹೆಸರು ಅದು. ಹಿರೋಡೆ ಎಂಬುದು ಅದಕ್ಕಿದ್ದ ಇನ್ನೊಂದು ಹೆಸರು. ಕೆ.ಆರ್. ಪೇಟೆ 1891ರ ತನಕ ಅತ್ತಿಕುಪ್ಪೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೆ ಮುಂಚಿನದೆಲ್ಲ ಮೈಸೂರು ಜಿಲ್ಲೆಯ ಲೆಕ್ಕದಲ್ಲಿ ಸೇರಿದೆ. ಮಂಡ್ಯ ಜಿಲ್ಲೆಯ ಕೃಷಿ ಎಂದು ಹುಡುಕಿದ ವಿದ್ಯಾರ್ಥಿಗೆ 1939ಕ್ಕೆ ಹಿಂದೆ ಬರೀ ಬಯಲು ಕಾಣುತ್ತದೆ. ಇಲ್ಲಿ ಬೆಳೆಯೇ ಇರಲಿಲ್ಲವೆಂದಲ್ಲ, ಹೆಸರು ಬೇರೆಯಿತ್ತು ಅಷ್ಟೆ.

ಶಾಸನಗಳ ವಿಷಯವೂ ಹೀಗೆಯೇ. ನಮ್ಮ ಊರುಗಳ ಕಲ್ಲುಗಳಲ್ಲಿ ಇರುವುದನ್ನೆಲ್ಲ ಬಿ.ಎಲ್. ರೈಸ್ ಎಂಬವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಶ್ರೀರಂಗಪಟ್ಟಣದವು 1894ರ ಮೂರನೆಯ ಸಂಪುಟದಲ್ಲಿವೆ, ನಾಗಮಂಗಲ ಮತ್ತು ಕೆ.ಆರ್. ಪೇಟೆಯವು 1898ರ ನಾಲ್ಕನೆಯದರಲ್ಲಿ. ಪಾಂಡವಪುರವೆಂಬ ತಾಲ್ಲೂಕಿನ ಹೆಸರೇ ಅಲ್ಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದವರು 1970ರ ದಶಕದಲ್ಲಿ ಇದನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ಅದರ ಆರನೆಯ ಸಂಪುಟದಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ಇವೆ, ಏಳನೆಯದರಲ್ಲಿ ನಾಗಮಂಗಲವಿದೆ. ತನ್ನ ಹಳ್ಳಿಯ ಕೆರೆ ಯಾರು ಕಟ್ಟಿಸಿದರು, ಯಾವ ಗೌಡ ಯಾವ ಗದ್ದೆ ದತ್ತಿ ಬಿಟ್ಟ ಎಂದು ಬರೆಯಬೇಕಾದ ಹುಡುಗನಿಗೆ ಈ ಎರಡು ಸಂಪುಟ ಸಾಕಷ್ಟು ಬಂಡವಾಳ. ಸಂಪುಟದ ಸಂಖ್ಯೆ ಹೇಳಿಕೊಡುವ ಒಬ್ಬ ಗ್ರಂಥಪಾಲಕ ಬೇಕು, ಅಷ್ಟೆ.

ಸೆರಿಂಗಪಟಂ ಎಂದು ಒತ್ತಿ ನೋಡಿದವರಿಗೆ ಮತ್ತೊಂದು ಸತ್ಯವೂ ಗೋಚರಿಸುತ್ತದೆ. 1799ರ ಮುತ್ತಿಗೆ, ಇಂಗ್ಲಿಷ್ ದಂಡಿನ ಶೌರ್ಯ, ಲೂಟಿಯ ಹಂಚಿಕೆ, ಇವೇ ರಾಶಿ ಬೀಳುತ್ತವೆ. ಆ ಕೋಟೆಯ ಕಂದಕ ತೋಡಿದವರ, ಗಂಜಾಮಿನಲ್ಲಿ ನೇಯ್ದವರ ಮಾತು ಹುಡುಕಿ ಹುಡುಕಿ ತೆಗೆಯಬೇಕು. ಖಾತೆ ಬರೆದವನು ತನ್ನ ಜಮೆಯನ್ನೇ ಬರೆದುಕೊಂಡಿದ್ದಾನೆ. ಬರೆಯದೆ ಬಿಟ್ಟದ್ದನ್ನು ಬರೆಯುವ ಹೊಣೆ ನಮ್ಮ ಮಕ್ಕಳದು. ಅದಕ್ಕೇ ಅವರು ಹುಡುಕುವುದನ್ನು ಕಲಿಯಬೇಕು.

ಆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೋದದ್ದು ಚಿನ್ನ ಬೆಳ್ಳಿ ಮಾತ್ರವಲ್ಲ. ಟಿಪ್ಪುವಿನ ಪುಸ್ತಕ ಭಂಡಾರದಲ್ಲಿದ್ದ ಸುಮಾರು ಎರಡು ಸಾವಿರ ಹಸ್ತಪ್ರತಿಗಳೂ ಗೆದ್ದವರ ಪಾಲಾದವು. ಕೆಲವು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ, ಕೆಲವು ಲಂಡನ್ನಿನ ಕಂಪನಿಯ ಗ್ರಂಥಾಲಯಕ್ಕೆ ಹೋದವು. ಚಾರ್ಲ್ಸ್ ಸ್ಟೂಅರ್ಟ್ ಎಂಬ ಪಂಡಿತ 1809ರಲ್ಲಿ ಆ ಭಂಡಾರದ ಪಟ್ಟಿಯನ್ನು ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ನಮ್ಮ ಊರಿನ ಗ್ರಂಥಾಲಯದಲ್ಲಿ ಏನಿತ್ತು ಎಂದು ನಾವು ತಿಳಿಯುವುದು ಒಯ್ದವರು ಬರೆದಿಟ್ಟ ಪಟ್ಟಿಯಿಂದ! ಆ ಪಟ್ಟಿ ಈಗ ಇಂಟರ್ನೆಟ್ ಆರ್ಕೈವ್ ಎಂಬಲ್ಲಿ ಯಾರಿಗಾದರೂ ಬಿಟ್ಟಿಯಾಗಿ ಓದಲು ಸಿಗುತ್ತದೆ ಎಂಬುದು ಬೇರೆ ಮಾತು.

ಆಗ ವಿದ್ಯೆಯನ್ನು ಕಿತ್ತುಕೊಳ್ಳಲು ಹಡಗು ಬೇಕಿತ್ತು. ಈಗ ಒಂದು ಪಾಸ್‌ವರ್ಡ್ ಸಾಕು. ಪುಸ್ತಕ ಇದ್ದಲ್ಲೇ ಇರುತ್ತದೆ, ಬಾಗಿಲಿಗೆ ಮಾತ್ರ ಬೀಗ ಬೀಳುತ್ತದೆ.

ಈ ಬೀಗದ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ವ್ಯಾಪಾರಿ ಬಂಧುಗಳು ಸ್ವಲ್ಪ ಗಮನವಿಟ್ಟು ನೋಡಬೇಕು. ಸರ್ಕಾರಿ ಸಂಬಳದ ವಿಜ್ಞಾನಿ ಸಾರ್ವಜನಿಕರ ದುಡ್ಡಿನಲ್ಲಿ ಸಂಶೋಧನೆ ಮಾಡುತ್ತಾನೆ. ಲೇಖನ ಬರೆದು ಜರ್ನಲ್ಲಿಗೆ ಕಳಿಸುತ್ತಾನೆ. ಅವನಿಗೆ ಬಿಡಿಗಾಸಿಲ್ಲ. ಆ ಲೇಖನ ಸರಿಯೇ ತಪ್ಪೇ ಎಂದು ಪರೀಕ್ಷಿಸುವ ಇತರ ಪಂಡಿತರಿಗೂ ಸಾಮಾನ್ಯವಾಗಿ ಕೂಲಿಯಿಲ್ಲ. ಅಚ್ಚಾದ ಮೇಲೆ ಹಕ್ಕು ಪ್ರಕಾಶಕ ಕಂಪನಿಯದು. ಅದೇ ಲೇಖನವನ್ನು ಅದೇ ವಿಜ್ಞಾನಿಯ ಕಾಲೇಜಿಗೆ ಅದೇ ಕಂಪನಿ ಚಂದಾ ಹಾಕಿ ಮಾರುತ್ತದೆ. ಚಂದಾ ಇಲ್ಲದವನು ಒಂದೇ ಒಂದು ಲೇಖನ ಬೇಕೆಂದರೆ ದೊಡ್ಡ ಕಂಪನಿಗಳು ಕೇಳುವ ಬೆಲೆ ಸಾಮಾನ್ಯವಾಗಿ 30-40 ಡಾಲರ್, ಎಂದರೆ ಎರಡೂವರೆ ಸಾವಿರ ರೂಪಾಯಿಗೂ ಹೆಚ್ಚು. ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶಕ ಕಂಪನಿಯನ್ನು ನಡೆಸುವವರ ಲೆಕ್ಕಪತ್ರದಲ್ಲೇ ಆ ವಿಭಾಗದ ಲಾಭ ನೂರು ರೂಪಾಯಿ ವಹಿವಾಟಿಗೆ ಮೂವತ್ತೈದು ರೂಪಾಯಿ ದಾಟಿದೆ. ನಮ್ಮ ಪೇಟೆಯ ಯಾವ ದಿನಸಿ ಅಂಗಡಿಯವನು ಈ ಲಾಭ ಕಂಡಿದ್ದಾನೆ? ಕಬ್ಬು ಬೆಳೆದವನಿಗೆ ತಡವಾಗಿಯಾದರೂ ಒಂದು ಬೆಲೆ ಬರುತ್ತದೆ. ಇಲ್ಲಿ ಕಬ್ಬು ಬಿಟ್ಟಿ, ಗಾಣದಾಳೂ ಬಿಟ್ಟಿ, ಸಕ್ಕರೆ ಮಾತ್ರ ಕೊಂಡೇ ತಿನ್ನಬೇಕು.

ಈ ಬೀಗ ತೆಗೆಸಲು ಕೇಂದ್ರ ಸರ್ಕಾರ ಒಂದು ಕೆಲಸ ಮಾಡಿದೆ. ಅದನ್ನು ಮರೆಮಾಚುವ ಅವಶ್ಯಕತೆ ನಮಗಿಲ್ಲ. ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಗೆ 2024ರ ನವೆಂಬರ್ 25ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 2025ರಿಂದ 2027ರ ತನಕ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್. 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು. 2025ರ ಜನವರಿ 1ರಿಂದ ಇದು ಜಾರಿಗೆ ಬಂತು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಇದರ ನಿರ್ವಹಣೆ ನೋಡುತ್ತದೆ.

ಒಳ್ಳೆಯದು. ಆದರೆ ಬಾಗಿಲು ತೆರೆದದ್ದು ಯಾರಿಗೆ? ಕೇಂದ್ರ, ರಾಜ್ಯ ಸರ್ಕಾರಗಳ ಆಡಳಿತದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ಆರಂಭವಾದಾಗ ಖಾಸಗಿ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ, ಊರಿನ ಸಾರ್ವಜನಿಕ ಗ್ರಂಥಾಲಯವೂ ಇರಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಗದೆ ಸಾಲ ಮಾಡಿ ಖಾಸಗಿ ಕಾಲೇಜಿಗೆ ಸೇರಿಸಿದ ಗಾಡಿ ವ್ಯಾಪಾರಿಯ ಮಗ ಹೊರಗೆ. ಪದವಿ ಮುಗಿಸಿ ಮನೆಯಲ್ಲಿ ಕೂತು ಪರೀಕ್ಷೆಗೆ ಓದುವ ಹುಡುಗಿ ಹೊರಗೆ. ಗಿರಣಿ ಕಾರ್ಮಿಕ ಅಂತೂ ಹೊರಗೇ ಹೊರಗೆ. ಆ 6,000 ಕೋಟಿ ಎಲ್ಲಿಂದ ಬಂತು? ನೀವು ಕೊಳ್ಳುವ ಸೋಪಿನ ಮೇಲೆ, ಬನಿಯನ್ನಿನ ಮೇಲೆ, ಬಿಸ್ಕತ್ತಿನ ಮೇಲೆ ಕೊಟ್ಟ ತೆರಿಗೆಯೂ ಅದರಲ್ಲಿ ಸೇರಿದೆ. ದುಡ್ಡು ಎಲ್ಲರದು, ಬೀಗದ ಕೈ ಕೆಲವರದು. ಇದನ್ನು ನಾವು ಒಪ್ಪುವುದಿಲ್ಲ.

ಗಿರಣಿಯವನಿಗೆ ಜರ್ನಲ್ ಏಕೆ ಎಂದು ಕೆಲವು ದೊಡ್ಡವರು ನಗಬಹುದು. ಅವರಿಗೆ ಒಂದೇ ಉತ್ತರ ಕೊಡುತ್ತೇವೆ. ಸಕ್ಕರೆ ಕಾರ್ಖಾನೆಯಲ್ಲಿ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಗೆ ಬಗಾಸೆ ಎನ್ನುತ್ತಾರೆ. ರಾಶಿ ಹಾಕಿದ ಬಗಾಸೆಗೆ ಬೂಷ್ಟು ಹಿಡಿದು, ಆ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಬರುವ ಒಂದು ರೋಗವಿದೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಬಗಾಸೋಸಿಸ್ ಎಂದು ಹೆಸರು. ಕೆಮ್ಮು, ಜ್ವರ, ಏದುಸಿರು ಅದರ ಲಕ್ಷಣ. ಕಾರ್ಮಿಕರ ಪರಿಹಾರ ಕಾನೂನಿನ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಸಿಪ್ಪೆ ಅಂಗಳದಲ್ಲಿ ವರ್ಷಗಟ್ಟಲೆ ದುಡಿದು ಕೆಮ್ಮುವವನಿಗೆ, ನಿನಗೆ ಬೀಡಿಯ ಕೆಮ್ಮು ಎಂದು ಹೇಳಿ ಕಳಿಸಿದರೆ ಅವನು ಏನು ಉತ್ತರ ಕೊಡಬೇಕು? ಈ ರೋಗದ ಮೇಲೆ ವೈದ್ಯರು ಬರೆದ ಲೇಖನಗಳಿವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರು ನಡೆಸುವ ಪಬ್‌ಮೆಡ್ ಎಂಬ ಡೇಟಾಬೇಸಿನಲ್ಲಿ ಅವುಗಳ ಸಾರಾಂಶ ಬಿಟ್ಟಿಯಾಗಿ ಓದಬಹುದು. ಪೂರ್ತಿ ಲೇಖನ ಕೆಲವು ತೆರೆದಿವೆ, ಕೆಲವಕ್ಕೆ ಬೀಗ. ಫಿಟ್ಟರನ ಮಗಳ ಅಸೈನ್‌ಮೆಂಟು ಇದರ ಮೇಲೆಯೇ ಇದ್ದು, ಅವಳು ಸರಿಯಾಗಿ ಹುಡುಕಿ ಬರೆದರೆ, ಅದು ಅವಳಿಗೆ ಅಂಕ ತರುತ್ತದೆ, ಅವಳ ಅಪ್ಪನ ಸಂಘಕ್ಕೆ ಆಧಾರ ಪತ್ರವಾಗುತ್ತದೆ.

ಹೀಗೆಯೇ ಕಬ್ಬಿನ ಬೆಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಪ್ರತಿ ಹಂಗಾಮಿಗೂ ವರದಿ ಬರೆಯುತ್ತದೆ. 2025-26ರ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲ್ಲಿಗೆ 355 ರೂಪಾಯಿ ಎಂದು ಕೇಂದ್ರ ನಿಗದಿ ಮಾಡಿದ್ದು ಆ ಆಯೋಗದ ಶಿಫಾರಸಿನ ಮೇಲೆ. ಆ ವರದಿಗಳಿಗೆ ಬೀಗವಿಲ್ಲ. ಸಕ್ಕರೆ, ಕಾಕಂಬಿ, ಬಗಾಸೆಗಳಿಂದ ಬರುವ ಆದಾಯದಲ್ಲಿ ರೈತನಿಗೆ ಪಾಲು ಕೊಡಬೇಕೆಂದ 2012ರ ರಂಗರಾಜನ್ ಸಮಿತಿಯ ವರದಿಗೂ ಬೀಗವಿಲ್ಲ. ತೆರೆದ ಬಾಗಿಲಿನೊಳಗೂ ನಾವು ಹೋಗುತ್ತಿಲ್ಲವೆಂದರೆ ತಪ್ಪು ಆಳುವವರದು ಮಾತ್ರವಲ್ಲ.

ಆದುದರಿಂದ ತೆರೆದ ಬಾಗಿಲುಗಳ ಹೆಸರು ಹೇಳುತ್ತೇವೆ, ಬರೆದಿಟ್ಟುಕೊಳ್ಳಿ. ಶೋಧಗಂಗಾ: ಭಾರತದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳ ಭಂಡಾರ, ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಕನ್ನಡದಲ್ಲಿ ಬರೆದವೂ ಇವೆ. ಕೃಷಿಕೋಶ: ಕೃಷಿ ವಿಶ್ವವಿದ್ಯಾನಿಲಯಗಳ ಪ್ರಬಂಧಗಳು, ಕಬ್ಬು, ರಾಗಿ, ರೇಷ್ಮೆಯ ವಿಷಯಕ್ಕೆ ಇಲ್ಲಿಗೆ ಹೋಗಬೇಕು. ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಖರಗಪುರದ ಐಐಟಿಯವರು ನಡೆಸುವುದು, ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಡಿ.ಓ.ಎ.ಜೆ. ಎಂಬ ತೆರೆದ ಜರ್ನಲ್‌ಗಳ ಪಟ್ಟಿ: 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದದ್ದು, ಇದರೊಳಗಿನ ಜರ್ನಲ್ಲುಗಳಿಗೆ ಬೀಗವೇ ಇಲ್ಲ. ಹಳೆಯ ಗೆಜೆಟಿಯರು, ಜನಗಣತಿ ವರದಿ, ಶಾಸನ ಸಂಪುಟಗಳಿಗೆ ಇಂಟರ್ನೆಟ್ ಆರ್ಕೈವ್. ಇವೆಲ್ಲ ಮೊಬೈಲಿನಲ್ಲೇ ತೆರೆಯುತ್ತವೆ. ಬೀಗ ಬಿದ್ದ ಲೇಖನವೇ ಬೇಕಾದರೆ ಅದರ ಮೊದಲ ಪುಟದಲ್ಲಿ ಲೇಖಕರ ಈಮೇಲ್ ವಿಳಾಸ ಸಾಮಾನ್ಯವಾಗಿ ಇರುತ್ತದೆ. ನಾನು ಇಂಥ ಕಾಲೇಜಿನ ವಿದ್ಯಾರ್ಥಿ, ಒಂದು ಪ್ರತಿ ಕಳಿಸಿಕೊಡಿ ಎಂದು ನಾಲ್ಕು ಸಾಲು ಬರೆದರೆ ಸಂತೋಷದಿಂದ ಕಳಿಸುವವರು ಬಹಳ ಮಂದಿ ಇದ್ದಾರೆ.

ಜೆರಾಕ್ಸ್ ಅಂಗಡಿಯ ಬಂಧುಗಳಿಗೂ ಒಂದು ಮಾತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾನಿಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದರು. ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ವಿದ್ಯಾರ್ಥಿಗಳಿಗಾಗಿ ಪ್ರತಿ ಮಾಡುವುದು ಕಾನೂನಿನ ಉಲ್ಲಂಘನೆಯಲ್ಲ ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಕೈಬಿಟ್ಟರು. ಹುಡುಗರು ಓದಲು ಪ್ರತಿ ಮಾಡಿಕೊಡಿ, ಅದು ಗೌರವದ ಕಸುಬು. ಓದದೆ ಒಪ್ಪಿಸಲು ಸಿದ್ಧ ಮಾಲು ಮಾರಬೇಡಿ. ಒಂದು ದಿನ ನಿಮ್ಮ ಮಗನಿಗೂ ಯಾರೋ ಅದನ್ನೇ ಮಾರುತ್ತಾರೆ.

ಈಚೆಗೆ ಇನ್ನೊಂದು ಸುಲಭ ದಾರಿ ಬಂದಿದೆ. ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳಿದರೆ ಕ್ಷಣದಲ್ಲಿ ಪ್ರಬಂಧವನ್ನೂ ಬರೆದು ಕೊಡುತ್ತದೆ, ಆಧಾರ ಲೇಖನಗಳ ಪಟ್ಟಿಯನ್ನೂ ಕೊಡುತ್ತದೆ. ಆ ಪಟ್ಟಿಯಲ್ಲಿ ಯಾರೂ ಎಂದೂ ಬರೆಯದ ಲೇಖನಗಳು ಸೇರಿಕೊಳ್ಳುತ್ತವೆ. ಹೆಸರು, ವರ್ಷ, ಪುಟ ಎಲ್ಲ ಸರಿಯಾಗಿಯೇ ಕಾಣುತ್ತದೆ, ಲೇಖನ ಮಾತ್ರ ಇರುವುದಿಲ್ಲ. ಖೋಟಾ ನೋಟನ್ನು ವ್ಯಾಪಾರಿ ಬೆಳಕಿಗೆ ಹಿಡಿದು ನೋಡುವಂತೆ, ಪ್ರತಿಯೊಂದು ಲೇಖನವನ್ನೂ ಡೇಟಾಬೇಸಿಗೆ ಹಿಡಿದು ನೋಡಬೇಕು. ಅಲ್ಲಿ ತೆರೆದು ಓದದೆ ಯಾವುದನ್ನೂ ಬರೆದುಕೊಳ್ಳಬಾರದು. ಹುಡುಕಲು ಬಂದವನಿಗೆ ಯಂತ್ರ ಆಳಾಗುತ್ತದೆ, ಬಾರದವನಿಗೆ ಯಜಮಾನನಾಗುತ್ತದೆ.

ಇನ್ನು ಸರ್ಕಾರದವರಿಗೆ ನಮ್ಮ ಬೇಡಿಕೆಗಳು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಿಮ್ಮ ಮನೆ, ಅಂಗಡಿಯ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ರಸೀದಿ ತೆಗೆದು ನೋಡಿ, ಬರೆದಿರುತ್ತದೆ. ಈ ಕರ ಕೊಡುವವನಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ.

ಮೊದಲನೆಯದು, ನಾಲ್ಕು ತಾಲ್ಲೂಕು ಪೇಟೆಗಳಲ್ಲೂ ಎಷ್ಟು ಗ್ರಂಥಾಲಯ ಕರ ವಸೂಲಾಯಿತು, ಎಷ್ಟು ಗ್ರಂಥಾಲಯಕ್ಕೆ ಸಂದಾಯವಾಯಿತು ಎಂದು ವರ್ಷಕ್ಕೊಮ್ಮೆ ಬೋರ್ಡಿನಲ್ಲಿ ಬರೆದು ಹಾಕಬೇಕು. ಎರಡನೆಯದು, ಒಂದು ರಾಷ್ಟ್ರ ಒಂದು ಚಂದಾ ಯೋಜನೆಯನ್ನು ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯಕ್ಕೂ ಹಳ್ಳಿಯ ಅರಿವು ಕೇಂದ್ರಕ್ಕೂ ವಿಸ್ತರಿಸಬೇಕು. ಪಾಸ್‌ವರ್ಡ್ ಮನೆಗೆ ಕೊಡಲಾಗದಿದ್ದರೆ ಅಲ್ಲೇ ಒಂದು ಕಂಪ್ಯೂಟರಿನಲ್ಲಿ ಕೂತು ಓದಲು ಬಿಡಲಿ. ಮೂರನೆಯದು, ಗ್ರಂಥಪಾಲಕರಿಲ್ಲದ ಕಾಲೇಜು ಇರಕೂಡದು. ಮೊದಲ ವರ್ಷ ಸೇರಿದ ತಿಂಗಳಲ್ಲೇ ಪ್ರತಿ ವಿದ್ಯಾರ್ಥಿಗೂ ಹುಡುಕುವ ಪಾಠವನ್ನು ಕನ್ನಡದಲ್ಲಿ ಮಾಡಬೇಕು. ನಾಲ್ಕನೆಯದು, ಕನ್ನಡದ ಹಳೆಯ ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡಿದರೆ ಸಾಲದು, ವಿಷಯಸೂಚಿ ಮಾಡಿಸಬೇಕು. ಸೂಚಿಯಿಲ್ಲದ ಭಂಡಾರ ಚೀಟಿಯಿಲ್ಲದ ಔಷಧಿ ಅಂಗಡಿಯಿದ್ದಂತೆ. 1919ರಲ್ಲಿ ಆರಂಭವಾದ ಪ್ರಬುದ್ಧ ಕರ್ನಾಟಕದಂಥ ಪತ್ರಿಕೆಯ ಲೇಖನಗಳು ಇಂಗ್ಲಿಷ್ ಜರ್ನಲ್ಲಿನಷ್ಟೇ ಸುಲಭವಾಗಿ ಹುಡುಗರ ಕೈಗೆ ಸಿಗಬೇಕು. ಐದನೆಯದು, ಪಾಳಿ ಮುಗಿಸಿ ಬಂದವನೂ ಅಂಗಡಿ ಮುಚ್ಚಿ ಬಂದವನೂ ಹೋಗುವಂತೆ ಗ್ರಂಥಾಲಯ ರಾತ್ರಿ ಒಂಬತ್ತರ ತನಕ ತೆರೆದಿರಬೇಕು.

ಸರ್ಕಾರ ಮಾಡುವ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ಸಂಘದ ಕಚೇರಿಗಳಲ್ಲಿ ಭಾನುವಾರ ಬೆಳಗ್ಗೆ ಎರಡು ಗಂಟೆ ಇದಕ್ಕೆ ಮೀಸಲಿಡಿ. ಎಂ.ಎ. ಓದುತ್ತಿರುವ ಒಬ್ಬ ಹುಡುಗನೋ ಹುಡುಗಿಯೋ ಹತ್ತು ಮಕ್ಕಳಿಗೆ ಮೂರು ಗುಡ್ಡೆಯ ಲೆಕ್ಕ ಹೇಳಿಕೊಡಲಿ. ತಂದೆತಾಯಂದಿರು ಒಂದು ಕೆಲಸ ಮಾಡಿ. ಮಗುವಿನ ಕಾಲೇಜಿಗೆ ಹೋಗಿ, ಸರ್ಕಾರಿ ಕಾಲೇಜಾದರೆ, ಈ ಯೋಜನೆಗೆ ನೋಂದಣಿ ಆಗಿದೆಯೇ, ನಮ್ಮ ಮಗುವಿಗೆ ಲಾಗಿನ್ ಕೊಟ್ಟಿದ್ದೀರಾ ಎಂದು ಕೇಳಿ. ಕೇಳಲು ಇಂಗ್ಲಿಷು ಬೇಕಿಲ್ಲ, ಸಂಕೋಚವೂ ಬೇಡ. ಉತ್ತರ ಏನು ಬಂತೆಂದು ನಮಗೆ ಒಂದು ಕಾರ್ಡು ಬರೆಯಿರಿ. ನಾಲ್ಕು ತಾಲ್ಲೂಕಿನ ಉತ್ತರಗಳನ್ನೂ ಒಟ್ಟಿಗೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.